ರೋಮ್ ನಾಣ್ಯ ಮತ್ತು ನನ್ನ ಕ್ರಿ.ಪೂ. 27

ಕ್ರಿ.ಪೂ. 27. ಈ ಇಸವಿಯನ್ನ ನಾನು ಇದೇ ಸ್ಟುಡಿಯೋದಲ್ಲಿ ಕೂತು ದನಿ ಏರಿಸಿ ಹೇಳಿದ್ದೆ. "ವೀಕ್ಷಕರೇ, ಕ್ರಿ.ಪೂ. 27ರಲ್ಲೇ ನಮ್ಮ ಬೆಂಗಳೂರಿಗೂ ರೋಮ್‌ಗೂ ವ್ಯಾಪಾರ ನಡೀತಿತ್ತು!" ಪರದೆ ಮೇಲೆ ಕೆಂಪು ಪಟ್ಟಿನೂ ಓಡಿತು. ಮಾರನೇ ದಿನ ಹಲಸೂರಿನ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ರು. "ಅಲ್ಲಪ್ಪಾ, ಆ ವರ್ಷ ನಿನಗೆ ಯಾರು ಹೇಳಿದ್ದು? ನಾಣ್ಯಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಣ್ಯ ಸಿಕ್ಕಿರೋದು ನಿಜ. ಯಶವಂತಪುರದಲ್ಲಿ, ಮತ್ತೆ ಈ ಕಡೆ ಇಂದಿರಾನಗರ ದಾಟಿದರೆ ಸಿಗುವ ಎಚ್‌ಎಎಲ್ ಪ್ರದೇಶದಲ್ಲಿ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಎಂಬ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು. ಹಾಗಾದ್ರೆ 27 ಎಲ್ಲಿಂದ ಬಂತು? ಅದು ರೋಮ್‌ನ ಸೆನೆಟ್ ಆಕ್ಟೇವಿಯನ್‌ಗೆ 'ಅಗಸ್ಟಸ್' ಅನ್ನೋ ಬಿರುದು ಕೊಟ್ಟ ವರ್ಷ. ಅಲ್ಲಿ ಅವನು ಪಟ್ಟಕ್ಕೆ ಬಂದ ವರ್ಷವನ್ನೇ ನಾವು ಇಲ್ಲಿ ವ್ಯಾಪಾರ ಶುರುವಾದ ವರ್ಷ ಮಾಡಿಬಿಟ್ಟಿದ್ದೀವಿ!

ನಿಮ್ಮ ಅಜ್ಜಿಯ ಚಿಲ್ಲರೆ ಡಬ್ಬಿ ತೆಗೀರಿ. ಅದರಲ್ಲಿ 1972ರ ಹತ್ತು ಪೈಸೆ ಇದೆ, 2011ರ ಐದು ರೂಪಾಯಿನೂ ಇದೆ. ಅಜ್ಜಿ ಆ ಡಬ್ಬಿಯ ಮುಚ್ಚಳ ಕೊನೇ ಸಲ ಹಾಕಿದ್ದು ಯಾವಾಗ? 1972ರಲ್ಲಂತೂ ಅಲ್ಲ. 2011ರಲ್ಲಿ, ಇಲ್ಲಾ ಅದಾದ ಮೇಲೆ. ಪುರಾತತ್ವದವರ ಲೆಕ್ಕವೂ ಇದೇ. ಗಂಟಿನಲ್ಲಿರೋ ಅತಿ ಹಳೇ ನಾಣ್ಯ ಹೆಚ್ಚೇನೂ ಹೇಳಲ್ಲ, ಅತಿ ಹೊಸದು ಹೇಳುತ್ತೆ. ಕ್ಲಾಡಿಯಸ್ ಆಳಿದ್ದು ಕ್ರಿ.ಶ. 41ರಿಂದ 54. ಯಾವ ಗಂಟಿನಲ್ಲಿ ಅವನ ನಾಣ್ಯ ಒಂದಾದರೂ ಇದೆಯೋ, ಅದನ್ನ 41ಕ್ಕೆ ಮುಂಚೆ ಹೂತಿರೋಕೆ ಸಾಧ್ಯವೇ ಇಲ್ಲ. ಎಷ್ಟು ವರ್ಷ ಆಮೇಲೆ ಹೂತಿದ್ದು ಅಂತ ಮಾತ್ರ ನಾಣ್ಯ ಬಾಯಿ ಬಿಡಲ್ಲ. ಬೆಳ್ಳಿ ಸವೆಯೋವರೆಗೂ ಕೈಯಿಂದ ಕೈಗೆ ಓಡಾಡಿರಬಹುದು.

"ಲ್ಯಾಬ್‌ಗೆ ಕಳಿಸಿ ಕಾರ್ಬನ್ ಟೆಸ್ಟ್ ಮಾಡಿಸಬಹುದಲ್ಲ ಸಾರ್?" ಅಂತ ನಮ್ಮ ಡೆಸ್ಕ್ ಹುಡುಗ ಕೇಳಿದ. ಎಂಜಿನಿಯರಿಂಗ್ ಓದಿದ ನನಗೂ ಮೊದಲು ಹೊಳೆದಿದ್ದು ಅದೇ. ಆದರೆ ಆ ಪರೀಕ್ಷೆ ನಡೆಯೋದು ಒಂದು ಕಾಲಕ್ಕೆ ಜೀವ ಇದ್ದ ವಸ್ತುವಿಗೆ: ಇದ್ದಿಲು, ಮೂಳೆ, ಕಾಳು. ಮರ ಸತ್ತ ಕ್ಷಣದಿಂದ ಅದರೊಳಗಿನ ಕಾರ್ಬನ್-14 ಕರಗ್ತಾ ಹೋಗುತ್ತೆ, ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತೆ. ಬೆಳ್ಳಿಗೆ ಹುಟ್ಟೂ ಇಲ್ಲ ಸಾವೂ ಇಲ್ಲ, ಏನನ್ನ ಅಳೀತೀರಿ?

ಇಂಥ ಎಡವಟ್ಟು ನನ್ನಂಥವರದ್ದು ಮಾತ್ರ ಅಲ್ಲ ಅನ್ನೋದೊಂದು ಸಮಾಧಾನ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ್ರು. ಪಾಂಡಿಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮ್ ಸಾಮಾನಿನ ಜೊತೆ ಸಿಕ್ಕಿದ್ದಂಥದ್ದೇ ಮಡಕೆ ಚೂರು ಇಲ್ಲೂ ಸಿಕ್ತು. ಅದನ್ನ ಹಿಡಿದು, ಕಬ್ಬಿಣ ಬಳಸ್ತಿದ್ದ ಬೃಹತ್ ಶಿಲಾ ಗೋರಿಗಳ ಜನ ಬಂದಿದ್ದು ಕ್ರಿ.ಪೂ. 200ರ ಸುಮಾರಿಗೆ ಅಂದ್ರು. ಆಮೇಲೆ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜ ರಾವ್ ಅಗೆಸಿದಾಗ, ಕಬ್ಬಿಣದ ಜೊತೆಯಲ್ಲೇ ಇದ್ದ ಇದ್ದಿಲು ಕ್ರಿ.ಪೂ. 1000ದ ಸುಮಾರು ಅಂತು. ನೋಡಿ, ಒಂದು ಹಿಡಿ ಮಸಿ ಎಂಟು ಶತಮಾನ ಹಿಂದಕ್ಕೆ ತಳ್ಳಿಬಿಡ್ತು! ವೀಲರ್ ದಡ್ಡರಲ್ಲ. ಮಣ್ಣಿನ ಪದರ ಪದರ ಬಿಡಿಸಿ ಓದೋದನ್ನ ಇಲ್ಲಿ ಕಲಿಸಿದವರೇ ಅವರು.

ಆ ಪದರವೇ ಎಲ್ಲ. ನಾಣ್ಯ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಇದ್ದಿಲು ಇತ್ತಾ, ಮಡಕೆ ಇತ್ತಾ? ಶಾಸ್ತ್ರೀಯವಾಗಿ ಅಗೆದಾಗ ಇದನ್ನೆಲ್ಲ ಬರೆದಿಡ್ತಾರೆ. ಕೆಲಸದವರ ಗುದ್ದಲಿಗೆ ಅಕಸ್ಮಾತ್ ಸಿಕ್ಕಿದರೆ ಬೆಳ್ಳಿ ಉಳಿಯುತ್ತೆ, ಪದರ ಹೋಗುತ್ತೆ. ಈಗ ಹಲಸೂರಿಂದ ಕೆ.ಆರ್. ಪುರದವರೆಗೆ ಜೆಸಿಬಿ ಎರಡು ಮೂರು ಅಂತಸ್ತಿನ ಬೇಸ್‌ಮೆಂಟ್‌ಗೆ ಇಳೀತಿದೆ. ಒಂದೊಂದು ಬಕೆಟ್‌ನಲ್ಲಿ ಎಷ್ಟು ಶತಮಾನ ಲಾರಿ ಹತ್ತಿತೋ!

ಮೇಷ್ಟ್ರಿಗೆ ನಾನೇ ವಾಪಸ್ ಫೋನ್ ಮಾಡಿದೆ. "ಸಾರ್, ಕ್ಲಾಡಿಯಸ್ ನಾಣ್ಯ ಇದ್ದರೆ ಕ್ರಿ.ಶ. 41 ಆದ ಮೇಲೆ. ಅಷ್ಟೇ ಹೇಳಬಹುದು."

"ಅದನ್ನೇ ಟೀವೀಲಿ ಹೇಳಪ್ಪ," ಅಂದ್ರು.

ಹೇಳಿದ್ದೀನಿ ಮೇಷ್ಟ್ರೇ.