ಬಿಸಿನೀರು ಬೇರೆ, ಕುದ್ದ ನೀರು ಬೇರೆ

ಆಷಾಢ ಬಂತು ಹೇಳಿರೆ ನಮ್ಮನೆ ಬಾವಿ ನೀರು ಮೇಲೇ ಬತ್ತು. ಬಣ್ಣ ಮಾತ್ರ ಚಾದ ಹಂಗೆ! "ಬಿಸಿನೀರೇ ಕುಡಿಯವು" ಹೇಳಿ ಆಯಿ ಗದರೂದೂ ಆಗಲೇ ಶುರು.

ಈ ರೂಢಿ ಎಷ್ಟು ಹಳೇದು ಗೊತ್ತಿದ್ದಾ? ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಇಲ್ಲಿ ಹುಡುಗಿಯರಿಗೇ 13 ಶಾಲೆ ಇತ್ತು ಹೇಳಿ ಬರೆದವನು ಅವನೇ. ಸುಲ್ತಾನ ಜಮಾಲುದ್ದೀನನ ಮನೆ ಊಟವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ತಾಮ್ರದ ಹರಿವಾಣ, ಅನ್ನದ ಮೇಲೆ ತುಪ್ಪ, ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಕಡೆಗೆ ಮೊಸರು. ಮೊಸರು ಬಂದರೆ ಊಟ ಮುಗೀತು ಹೇಳಿ ಲೆಕ್ಕ. ಅದರ ಮೇಲೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗ್ತಿಲ್ಲೆ ಹೇಳಿ. ಕೋಳಿ, ಮೀನು ಬಿಟ್ಟರೆ ನಮ್ಮನೆ ಊಟದ ಕ್ರಮವೇ ಅಲ್ದಾ!

ಆದರೆ ಒಂದು ಗಮನಿಸಿ. ಆಗಿನವರು ಹೆದರಿದ್ದು ನೀರಿನ ತಂಪಿಗೆ, ಅದರೊಳಗಿನ ಕೊಳೆಗಲ್ಲ. ಕೆಟ್ಟ ನೀರಿಂದ ಕಾಲರಾ ಹರಡ್ತು ಹೇಳಿ ಲಂಡನ್ನಿನ ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟಿದ್ದು 1854ರಲ್ಲಿ, ಬತೂತ ಬಂದು ಹೋಗಿ 500 ವರ್ಷ ಕಳೆದ ಮೇಲೆ. ಅದಕ್ಕೇ ನಮ್ಮ ಅಜ್ಜಿಯರಿಂದ ಬಂದ ರೂಢಿಯಲ್ಲಿ 'ಬಿಸಿ' ಇದ್ದು, 'ಕುದಿ' ಇಲ್ಲೆ.

ತಪ್ಪು ಆಗೂದು ಇಲ್ಲೇ. ಭಟ್ಕಳದಿಂದ ಕುಮಟೆಯವರೆಗೆ ಎಷ್ಟೋ ಮನೇಲಿ ನೋಡಿದ್ದೆ. "ಆಸ್ರಿಗೆ ಎಂತ ಬೇಕು?" ಹೇಳಿ ಕೇಳೂದು, ಅರ್ಧ ಚೊಂಬು ಬಿಸಿನೀರಿಗೆ ಅರ್ಧ ಬಾವಿ ನೀರು ಬೆರೆಸಿ ಹದ ಮಾಡಿ ಕೊಡೂದು. ಆನೂ ವರ್ಷಗಟ್ಟಲೆ ಹಂಗೇ ಮಾಡಿದ್ದೆ. ಒಂದು ಮಳೆಗಾಲ ಮಾಣಿಗೆ ಕಾಮಾಲೆ ಆತು. "ಕುದಿಸಿದ ನೀರೇ ಕೊಡೂದಾ?" ಹೇಳಿ ಡಾಕ್ಟ್ರು ಕೇಳಿದಾಗ ಗಟ್ಟಿಯಾಗಿ "ಹೌದು" ಹೇಳ್ದೆ. ಮನೆಗೆ ಬಂದು ಚೊಂಬು ಕೈಯಲ್ಲಿ ಹಿಡಿದಾಗಲೇ ನಾ ಹೇಳಿದ್ದು ಅರ್ಧ ಸುಳ್ಳು ಹೇಳಿ ಗೊತ್ತಾದ್ದು.

ಹಂಗಾಗಿ ನೀರು ಕೆಂಪಿದ್ದರೆ ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಡಿ. ಮುಚ್ಚಿಡಿ, ತಾನಾಗೇ ಆರಲಿ. ಹದ ಮಾಡೂಲೆ ಕುದಿಸಿ ಆರಿಸಿದ ನೀರನ್ನೇ ಬೆರೆಸಿ. ಮಜ್ಜಿಗೆಗೂ ಪಾನಕಕ್ಕೂ ಅದೇ ನೀರು.

ಈಗ ನಮ್ಮನೇಲಿ ರಾತ್ರೆ ಪಾತ್ರೆ ತೊಳೆದಾದ ಕೂಡಲೇ ನಾಳಿನ ಕುಡಿಯೂ ನೀರು ಒಲೆ ಮೇಲೆ. ನಿಂಗಳ ಮನೇಲಿ ಹೆಂಗೆ?