ಚಿಕ್ಕ ಕುದುರೆಗೆ ಗಾಡಿಯ ಸಜ್ಜು: ಕಾವೂರಿನ ಏರುತಗ್ಗು ಮತ್ತು ಮಳೆಯನ್ನು ಮುಂದಿಟ್ಟು ಒಂದು ಟಿಪ್ಪಣಿ

ಗಾಡಿಗೆ ಹೂಡುವ ಚಿಕ್ಕ ಕುದುರೆಗೆ ಹೊಸ ಸಜ್ಜು ಬೇಕೆಂದಾಗ ಮಾರುವವರು ಮೊದಲು ಕೇಳುವುದು ಅದರ ಎತ್ತರ. ಎತ್ತರ ಹೇಳಿದರೆ ಅಳತೆ ತಿಳಿಯಿತು, ಅಳತೆ ತಿಳಿದರೆ ಸಜ್ಜು ಸಿಕ್ಕಿತು ಎಂಬುದು ಅವರ ಲೆಕ್ಕ. ಈ ಲೆಕ್ಕ ಕರಾವಳಿಗೆ ಹೊಂದುವುದಿಲ್ಲವೆಂಬುದು ನನ್ನ ವಾದ. ಮಂಗಳೂರಿನ ಕಾವೂರಿನಂಥ ಊರಿನಲ್ಲಿ ಮೊದಲು ನೋಡಬೇಕಾದದ್ದು ರಸ್ತೆಯ ಇಳಿಜಾರು, ಬಳಿಕ ಮಳೆ, ಬಳಿಕ ಆ ಒಂದು ಕುದುರೆಯ ಹೆಗಲು. ಎತ್ತರದ ಸರದಿ ಇವೆಲ್ಲದರ ನಂತರ.

ಚಿಕ್ಕ ಕುದುರೆ ಎಂದು ಇಲ್ಲಿ ಹೇಳುತ್ತಿರುವುದು ಮಿನಿಯೇಚರ್ ತಳಿಯನ್ನು. 1978ರಲ್ಲಿ ಹುಟ್ಟಿಕೊಂಡ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಈ ತಳಿಗೆ 34 ಇಂಚಿನ, ಎಂದರೆ ಸುಮಾರು 86 ಸೆಂಟಿಮೀಟರಿನ ಮಿತಿ ಹಾಕಿದೆ. ಕುತ್ತಿಗೆಯ ಕೇಸರ ಕೊನೆಯಾಗುವ ಜಾಗದಲ್ಲಿ ಈ ಅಳತೆ ತೆಗೆಯುತ್ತಾರೆ. ನಮ್ಮ ದೇಶದ ತಟ್ಟುಗಳಾದ ಮಣಿಪುರಿ, ಸ್ಪಿತಿ, ಭೂಟಿಯಾ, ದಖ್ಖನ್ನಿನ ಭೀಮಥಡಿ ಇವೆಲ್ಲ ಅದಕ್ಕಿಂತ ಸಾಕಷ್ಟು ಎತ್ತರ. ಜಟಕಾಕ್ಕೆ ಕಟ್ಟುವ ಕುದುರೆಯೂ ಹಾಗೆಯೇ. ಆದ್ದರಿಂದ ಮೈಸೂರಿನ ಜಟಕಾದವರಿಂದ ಹಳೆಯ ಸಜ್ಜು ತಂದು, ಪಟ್ಟಿಗಳನ್ನು ಕತ್ತರಿಸಿ, ಹೊಸ ತೂತು ಹೊಡೆದು ಹೊಂದಿಸುವ ಆಲೋಚನೆ ಕೈಬಿಡುವುದೇ ಒಳ್ಳೆಯದು. ಹಾಗೆ ಮಾಡಿದರೆ ಉದ್ದ ಮಾತ್ರ ಸರಿಹೋಗುತ್ತದೆ. ಬಕ್ಕಲ್ಲುಗಳು, ಬಳೆಗಳು, ಹೊಲಿಗೆಯ ಗಂಟುಗಳು ದೊಡ್ಡ ಕುದುರೆಗೆಂದು ಲೆಕ್ಕ ಹಾಕಿ ಕೂರಿಸಿದಂಥವು. ಚಿಕ್ಕ ಮೈಮೇಲೆ ಅವು ಕೀಲಿನ ಮೇಲೋ ಮೊಣಕೈ ಹಿಂದಿನ ತೆಳುಚರ್ಮದ ಮೇಲೋ ಬಂದು ಕೂರುತ್ತವೆ.

ಕರಾವಳಿಯವರಿಗೆ ಪ್ರಾಣಿಯನ್ನು ಹೂಡುವ ವಿದ್ಯೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಕಾವೂರಿನಿಂದ ಇಳಿದು ಹೋದರೆ ಬಂಗ್ರಕೂಳೂರು. ಅಲ್ಲಿನ ಗೋಲ್ಡ್ ಫಿಂಚ್ ಸಿಟಿಯಲ್ಲಿ ರಾಮ-ಲಕ್ಷ್ಮಣ ಜೋಡುಕರೆ ಕಂಬಳ ನಡೆಯುತ್ತದೆ. ಕಂಬಳದ ವಿಭಾಗಗಳ ಹೆಸರೇ ಕೋಣಗಳ ಹಿಂದೆ ಏನನ್ನು ಕಟ್ಟಿದ್ದಾರೆ ಎಂಬುದರಿಂದ ಬಂದಿದೆ: ಹಗ್ಗ, ನೇಗಿಲು, ಅಡ್ಡಹಲಗೆ, ಕೆನೆಹಲಗೆ. ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವೂ ಇದೆ. ಹಗ್ಗದಲ್ಲಿ ನೊಗಕ್ಕೆ ಬರಿಯ ಹಗ್ಗ. ಕೆನೆಹಲಗೆಯಲ್ಲಿ ತೂತುಳ್ಳ ಹಲಗೆಯ ಮೇಲೆ ಓಡಿಸುವವನು ಕಾಲೂರುತ್ತಾನೆ, ತೂತಿನಿಂದ ಚಿಮ್ಮಿದ ನೀರು ಆರೂವರೆ ಇಲ್ಲವೇ ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಅದೇ ಜಾತಿಯ ಪ್ರಾಣಿ, ಅದೇ ಓಟದ ಕರೆ, ಅದೇ ನೊಗ. ಹಿಂದೆ ಕಟ್ಟಿದ್ದು ಬದಲಾದರೆ ಓಟವೇ ಬದಲಾಗುತ್ತದೆ. ಯಾವ ಜೋಡಿ ಯಾವ ವಿಭಾಗಕ್ಕೆ ಸಲ್ಲುತ್ತದೆ ಎಂದು ಯಜಮಾನರು ಕೂತು ಯೋಚಿಸುವುದೂ ಅದಕ್ಕೇ. ಸಜ್ಜು ಮತ್ತು ಕೆಲಸ ಒಂದಕ್ಕೊಂದು ಅಂಟಿಕೊಂಡಿವೆ ಎಂಬ ಈ ತಿಳಿವಳಿಕೆ ಕುದುರೆಯ ವಿಷಯಕ್ಕೂ ಬೇಕು.

ಕಂಬಳದಿಂದ ತರಬಾರದ ಸಂಗತಿ ನೊಗ. ಎತ್ತು ಕೋಣಗಳ ಕತ್ತು ಬೆನ್ನಿನ ಮಟ್ಟದಲ್ಲೇ ಮುಂದಕ್ಕೆ ಚಾಚಿಕೊಂಡಿರುತ್ತದೆ, ದಪ್ಪವಾಗಿರುತ್ತದೆ, ಹಿಂದೆ ಹೆಗಲು ತಡೆಯಾಗಿ ನಿಲ್ಲುತ್ತದೆ. ಎತ್ತಿಗಾದರೆ ಹಿಣಿಲಿನ ಆಸರೆಯೂ ಉಂಟು. ಕುದುರೆಯ ಕತ್ತು ಮೇಲಕ್ಕೆದ್ದು ನಿಂತಿದೆ, ನೊಗ ಕೂರಲು ಅಲ್ಲಿ ಜಾಗವಿಲ್ಲ. ಗಂಟಲಿಗೆ ಪಟ್ಟಿ ಕಟ್ಟಿ ನೊಗವನ್ನು ನಿಲ್ಲಿಸಿದರೆ ಎಳೆದಷ್ಟೂ ಉಸಿರುನಾಳ ಒತ್ತುತ್ತದೆ. ಫ್ರೆಂಚ್ ಸೇನಾಧಿಕಾರಿ ಲಫೆವ್ರ್ ದೆ ನೋಎತ್ 1910ರಲ್ಲಿ ಕುದುರೆಗಳನ್ನೇ ಹೂಡಿ ಇದನ್ನು ಪರೀಕ್ಷಿಸಿದ. 1931ರ ತನ್ನ ಗ್ರಂಥದಲ್ಲಿ, ಪ್ರಾಚೀನರ ಸಜ್ಜು ಕುದುರೆಯ ಗಂಟಲು ಹಿಸುಕುತ್ತಿದ್ದುದರಿಂದಲೇ ಅವರ ಗಾಡಿಗಳು ಹಗುರವಾಗಿದ್ದವು ಎಂದು ವಾದಿಸಿದ. 1970ರ ದಶಕದಲ್ಲಿ ಅವನದೇ ದೇಶದ ಜಾನ್ ಸ್ಪ್ರುಯಿತ್ ಹಳೆಯ ಸಜ್ಜುಗಳನ್ನು ಮರಳಿ ಕಟ್ಟಿ ಓಡಿಸಿ ನೋಡಿದ. ಪ್ರಾಚೀನರ ಪಟ್ಟಿ ಕೂರುತ್ತಿದ್ದ ಜಾಗವನ್ನೇ ಲಫೆವ್ರ್ ತಪ್ಪಾಗಿ ಊಹಿಸಿದ್ದನೆಂದು ಅವನು ತೋರಿಸಿದ. ಇವರಿಬ್ಬರ ಜಗಳದಲ್ಲಿ ನಮಗೆ ಬೇಕಾದ ಅಂಶ ಒಂದೇ: ಅದೇ ಪಟ್ಟಿ ನಾಲ್ಕು ಬೆರಳು ಮೇಲೆ ಕೂತರೆ ಉಸಿರು ಕಟ್ಟುತ್ತದೆ, ಕೆಳಗೆ ಕೂತರೆ ಎಳೆತ ಸಲೀಸು.

ಚಿಕ್ಕ ಕುದುರೆಯ ಮೇಲೆ ಈ ನಾಲ್ಕು ಬೆರಳು ಒಂದೂವರೆ ಬೆರಳಿಗೆ ಇಳಿಯುತ್ತದೆ. ಎದೆಪಟ್ಟಿ ಕೂರಬೇಕಾದದ್ದು ಉಸಿರುನಾಳ ಎದೆಯೊಳಗೆ ಇಳಿಯುವ ಕುಳಿಗಿಂತ ಕೆಳಗೆ, ಹೆಗಲಿನ ಮುಂಚಾಚಿದ ಎಲುಬಿಗಿಂತ ಮೇಲೆ. ಹೆಚ್ಚು ಕೆಳಗಿಳಿದರೆ ಮುಂಗಾಲು ಮುಂದಿಡುವಾಗ ಪ್ರತಿ ಹೆಜ್ಜೆಗೂ ತಡೆ. ನಡುವಿನ ಜಾಗ ಇಕ್ಕಟ್ಟಾದದ್ದರಿಂದ ಪಟ್ಟಿಯನ್ನೇ ಕಿರಿದು ಮಾಡಿ ಹೊಲಿಯುವ ತಯಾರಕರಿದ್ದಾರೆ. ಅದನ್ನು ನಾನು ಒಪ್ಪಲಾರೆ. 5 ಸೆಂಟಿಮೀಟರ್ ಅಗಲದ ಪಟ್ಟಿ ಎರಡೂವರೆಗೆ ಇಳಿದರೆ ಅದೇ ಎಳೆತಕ್ಕೆ ಚರ್ಮದ ಮೇಲಿನ ಒತ್ತಡ ಇಮ್ಮಡಿ. ಅಗಲ ಉಳಿಸಿಕೊಂಡು, ನಡುವೆ ಕೆಳಕ್ಕೆ ಬಾಗಿದ ಎದೆಪಟ್ಟಿ ಸಿಗುತ್ತದೆ. ಗಂಟಲ ಬಳಿ ಅದು ತಗ್ಗುತ್ತದೆ, ಪಕ್ಕದಲ್ಲಿ ಹೆಗಲೆಲುಬಿನ ಮೇಲೆ ಹಾದುಹೋಗುತ್ತದೆ. ಬೆಲೆ ಹೆಚ್ಚಾದರೂ ಅದನ್ನೇ ಆರಿಸಬೇಕು. ಕತ್ತಿನ ಸುತ್ತ ಕೂರುವ ತುಂಬುಗೊರಳಿನ ದಿಂಬುಪಟ್ಟಿ ಭಾರದ ಕೆಲಸಕ್ಕೆ ಇನ್ನೂ ಮೇಲು, ನಿಜ. ಆದರೆ ಅದು ಆ ಕತ್ತಿಗೆ ಕರಾರುವಾಕ್ಕಾಗಿ ಹೊಂದಬೇಕು. ಈ ತಳಿಯೋ ಬಲುಬೇಗ ಕೊಬ್ಬೇರುತ್ತದೆ, ಇಳಿಯುತ್ತದೆ. ಬೇಸಗೆಯಲ್ಲಿ ಹೊಂದಿದ್ದು ಹಸಿಹುಲ್ಲು ತಿಂದ ಮೇಲೆ ಬಿಗಿಯಾಗುತ್ತದೆ.

ಎದೆಪಟ್ಟಿಯಿಂದ ಗಾಡಿಗೆ ಹೋಗುವ ಎಳೆಪಟ್ಟಿಗಳನ್ನು ಗಾಡಿಯ ಚೌಕಟ್ಟಿಗೆ ನೇರ ಬಿಗಿಯಬಾರದು. ನಡೆಯುವ ಕುದುರೆಯ ಎಡಹೆಗಲು, ಬಲಹೆಗಲು ಒಂದಾದ ಮೇಲೊಂದು ಮುಂದೆ ಬರುತ್ತವೆ. ಎಳೆಪಟ್ಟಿಗಳ ತುದಿ ನಡುವಿನಲ್ಲಿ ತಿರುಗುವ ಅಡ್ಡಪಟ್ಟಿಗೆ ಸಿಕ್ಕಿಸಿದ್ದರೆ ಎದೆಪಟ್ಟಿ ಹೆಗಲಿನ ಜೊತೆ ಆಚೀಚೆ ಸರಿಯುತ್ತದೆ. ಅಡ್ಡಪಟ್ಟಿ ತಿರುಗದಿದ್ದರೆ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ, ಹೆಗಲು ಅದರಡಿಯಲ್ಲಿ ಉಜ್ಜಿಕೊಂಡು ಕೂದಲು ಉದುರುತ್ತದೆ. ಇನ್ನೊಂದು ವಿಷಯ, ಪಕ್ಕದಿಂದ ನೋಡಿದರೆ ಎದೆಪಟ್ಟಿಯಿಂದ ಅಡ್ಡಪಟ್ಟಿಯವರೆಗೆ ಎಳೆಪಟ್ಟಿ ನೇರ ಗೆರೆಯಾಗಿರಬೇಕು. ಅಡ್ಡಪಟ್ಟಿ ತೀರ ಕೆಳಗಿದ್ದರೆ ಎಳೆತದ ಒಂದು ಪಾಲು ಕೆಳಮುಖವಾಗಿ ತಿರುಗಿ, ಎದೆಪಟ್ಟಿಯನ್ನು ಹಿಡಿದಿರುವ ಕತ್ತಿನ ಪಟ್ಟಿಯ ಮೇಲೆ ಬೀಳುತ್ತದೆ. ಹಾಗಾಗಿ ಗಾಡಿಯನ್ನು ನೋಡದೆ ಸಜ್ಜನ್ನು ಆರಿಸಲು ಬರುವುದಿಲ್ಲ.

ಗಾಡಿಯ ಮಾತು ಬಂದಾಗ ಎರಡು ಚಕ್ರ, ನಾಲ್ಕು ಚಕ್ರಗಳ ಭೇದ ಮುಖ್ಯ. ಜಟಕಾ ಎರಡು ಚಕ್ರದ್ದು, ಸಾರೋಟು ನಾಲ್ಕು ಚಕ್ರದ್ದು. ಜಟಕಾದ ಮೂಕಿಗಳ ಭಾರದಲ್ಲಿ ಒಂದಿಷ್ಟು ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ, ಕೂತವರು ಹಿಂದೆ ಮುಂದೆ ಸರಿದರೆ ಅದು ಏರಿಳಿಯುತ್ತದೆ. ಇಂಥ ಗಾಡಿಗೆ ಬೆನ್ನಿನ ಜೀನಿನೊಳಗೆ ಗಟ್ಟಿ ಚೌಕಟ್ಟು ಇರಲೇಬೇಕು, ಅದರಡಿ ಎರಡು ದಿಂಬುಗಳ ನಡುವೆ ಬೆನ್ನುಮೂಳೆಯುದ್ದಕ್ಕೂ ಗಾಳಿ ಆಡುವ ಸಂದು ಬೇಕು. ಮೂಕಿ ಹೊತ್ತ ಪಟ್ಟಿ ಜೀನಿನ ಮೂಲಕ ಆಚೀಚೆ ಜಾರುವಂತಿದ್ದರೆ, ಗಾಡಿ ಒಂದು ಬದಿಗೆ ವಾಲಿದಾಗ ಜೀನು ಓರೆಯಾಗುವುದಿಲ್ಲ. ಸಾರೋಟಿನ ಮೂಕಿಗಳು ಬೇರೆ ಬೇರೆಯಾಗಿ ಏರಿಳಿಯುವುದರಿಂದ ಅಲ್ಲಿ ಈ ಪಟ್ಟಿ ಜಾರಬಾರದು. ಚಿಕ್ಕ ಕುದುರೆಗಾಗಿ ಮಾರುವ ಅಗ್ಗದ ಸಜ್ಜುಗಳಲ್ಲಿ ಜೀನು ಎಂದರೆ ಮೆತ್ತೆ ಹೊಲಿದ ಒಂದು ಪಟ್ಟಿ, ಒಳಗೆ ಚೌಕಟ್ಟಿಲ್ಲ. ಮೂಕಿಯ ಭಾರವೆಲ್ಲ ಬೆನ್ನೆಲುಬಿನ ಏಣಿನ ಮೇಲೆಯೇ ಬೀಳುತ್ತದೆ.

ಇದು ಕಾನೂನಿನ ವಿಷಯವೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ಬಂದ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಕುದುರೆಯ ಹೆಗಲೇಣಿನ ಮೇಲೆ ಸಜ್ಜು ನೇರವಾಗಿ ಕೂರುವಂತೆ ಜೀನು ಬಿಗಿಯಬಾರದು, ನಡುವೆ ಸಾಕಷ್ಟು ಅಂತರ ಇರಬೇಕು ಎಂದು ಸ್ಪಷ್ಟವಾಗಿ ಹೇಳುತ್ತವೆ. ಮುಳ್ಳು, ಗುಬುಟು, ಚೂಪು ಅಂಚು ಇರುವ ಕಡಿವಾಣ, ಸಜ್ಜು, ನೊಗಗಳಿಗೂ ನಿಷೇಧವಿದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಕಂಬಳ ಮತ್ತು ಎತ್ತಿನ ಗಾಡಿ ಓಟಗಳಿಗಾಗಿ ಕರ್ನಾಟಕ ಆ ಕಾಯ್ದೆಗೆ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿಯಿತು. ಕುದುರೆಗಾಡಿಗೆ ಆ ರಿಯಾಯಿತಿ ತಗಲುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಅದೇ ನಿಯಮಗಳು ತಟ್ಟು ಎಳೆಯುವ ಎರಡು ಚಕ್ರದ ಗಾಡಿಗೆ, ಗಾಳಿಚಕ್ರವಿದ್ದರೆ 600 ಕಿಲೋ, ಇಲ್ಲದಿದ್ದರೆ 400 ಕಿಲೋ ಮಿತಿ ಹಾಕುತ್ತವೆ. ಚಿಕ್ಕ ತಳಿಗೆ ಪ್ರತ್ಯೇಕ ಅಂಕಿ ಅಲ್ಲಿಲ್ಲ. ಸ್ವತಃ ನೂರು ಕಿಲೋ ಆಸುಪಾಸಿನಲ್ಲಿರುವ ಪ್ರಾಣಿಗೆ ಈ ಮಿತಿಯನ್ನು ಆಧಾರವಾಗಿ ಹಿಡಿಯುವುದು ಕ್ರೌರ್ಯವೇ ಸರಿ. ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲೇ ಇರುವ ಇನ್ನೊಂದು ಮಾತು: ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಏರು ಇದ್ದು, 30 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಕಡಿದಾಗಿದ್ದರೆ ಭಾರವನ್ನು ಅರ್ಧಕ್ಕಿಳಿಸಬೇಕು. ಹತ್ತಕ್ಕೆ ಒಂದು ಎಂಬ ಆ ಇಳಿಜಾರನ್ನೇ ಹಿಡಿದು ಲೆಕ್ಕ ಮಾಡೋಣ. ಗಾಡಿ 40 ಕಿಲೋ, ಓಡಿಸುವವರು 60 ಕಿಲೋ, ಒಟ್ಟು 100. ಒಳ್ಳೆಯ ಡಾಂಬರಿನ ಸಮತಟ್ಟು ರಸ್ತೆಯಲ್ಲಿ ಗಾಳಿಚಕ್ರದ ಗಾಡಿಯನ್ನು ಉರುಳಿಸಲು ಒಟ್ಟು ಭಾರದ ನೂರಕ್ಕೆ ಎರಡರಷ್ಟು ಬಲ ಬೇಕೆಂದು ಹಿಡಿದರೆ 2 ಕಿಲೋ ಎಳೆತ. ಹತ್ತಕ್ಕೊಂದರ ಏರಿನಲ್ಲಿ ಅದರ ಮೇಲೆ ಮತ್ತೂ 10 ಕಿಲೋ, ಒಟ್ಟು 12. ಆರು ಪಟ್ಟು ಆಯಿತು. ಅದೇ ದಾರಿಯಲ್ಲಿ ಇಳಿಯುವಾಗ ಲೆಕ್ಕ ತಿರುಗುಮುರುಗು: 10ರಲ್ಲಿ 2 ಕಳೆದು 8 ಕಿಲೋ ಬಲ ಕುದುರೆಯನ್ನು ಹಿಂದಿನಿಂದ ನೂಕುತ್ತದೆ.

ಆ 8 ಕಿಲೋವನ್ನು ಕುದುರೆಯ ಮೈಯ ಯಾವ ಭಾಗ ಹೊರಬೇಕು? ಸಜ್ಜಿನ ಆಯ್ಕೆಯಲ್ಲಿ ನಿರ್ಣಾಯಕವಾದ ಪ್ರಶ್ನೆ ಇದು. ತೊಡೆಯ ಹಿಂಬದಿ ಸುತ್ತುವ ಹಿಂಪಟ್ಟಿ ಇದ್ದರೆ ಕುದುರೆ ತನ್ನ ಹಿಂಗಾಲುಗಳ ಬಲವನ್ನೆಲ್ಲ ಅದಕ್ಕೆ ಕೊಟ್ಟು ಗಾಡಿಯನ್ನು ತಡೆಹಿಡಿಯುತ್ತದೆ. ಇಲ್ಲದಿದ್ದರೆ ಮೂಕಿಗಳು ಮುಂದೆ ನುಗ್ಗುತ್ತವೆ, ಜೀನು ಮುಂದಕ್ಕೆ ಎಳೆದುಕೊಳ್ಳುತ್ತದೆ, ಹೊಟ್ಟೆಪಟ್ಟಿ ಮೊಣಕೈ ಹಿಂದೆ ಒತ್ತುತ್ತದೆ, ಬಾಲಪಟ್ಟಿ ಬಾಲದ ಬುಡವನ್ನು ಜಗ್ಗುತ್ತದೆ. ಚಿಕ್ಕ ಕುದುರೆಯ ಪ್ರದರ್ಶನಗಳಿಗೆಂದೇ ಹೊಲಿದ ನಾಜೂಕಿನ ಸಜ್ಜುಗಳಲ್ಲಿ ಹಿಂಪಟ್ಟಿ ಇರುವುದಿಲ್ಲ. ಸಮತಟ್ಟು ಅಂಗಣದಲ್ಲಿ ಹಗುರ ಗಾಡಿ ಓಡಿಸುವವರಿಗೆ ಅದು ಸಾಕು. ಕಾವೂರು ಹಾಗಿಲ್ಲ. ಫಲ್ಗುಣಿ ದಡದ ಕೂಳೂರಿನಿಂದ ಏರಿ ಬಂದರೆ ಕಾವೂರು, ವಿಮಾನ ನಿಲ್ದಾಣದ ಕಡೆ ಮುಂದೆ ಹೋದರೆ ಮರವೂರಿನ ಸೇತುವೆಗೆ ಮತ್ತೆ ಇಳಿತ, ಹೊಳೆ ದಾಟಿದ ಮೇಲೆ ಮತ್ತೆ ಏರು. ಒಳರಸ್ತೆಗಳ ಏರಿಳಿತ ಒಂದು ಕಿಲೋಮೀಟರ್ ಉದ್ದ ಇರಬೇಕಾಗಿಯೂ ಇಲ್ಲ, ಐವತ್ತು ಮೀಟರ್ ಇಳಿಜಾರು ಸಾಕು ಬಾಲದ ಬುಡ ಹುಣ್ಣಾಗಲು. ಆದುದರಿಂದ ಈ ಊರಿಗೆ ಹಿಂಪಟ್ಟಿ ಇಲ್ಲದ ಸಜ್ಜು ಎಷ್ಟೇ ಚೆಂದವಿರಲಿ, ಎಷ್ಟೇ ಅಗ್ಗವಿರಲಿ, ಬೇಡ. ಹಿಂಪಟ್ಟಿ ಪೃಷ್ಠದ ಹಿಂಚಾಚಿದ ಎಲುಬಿಗಿಂತ ತುಸು ಕೆಳಗೆ ಅಡ್ಡವಾಗಿ ನಿಲ್ಲಬೇಕು. ಮೇಲೇರಿದರೆ ಬಾಲದಡಿ ಸಿಕ್ಕಿಕೊಳ್ಳುತ್ತದೆ, ಕೆಳಗಿಳಿದರೆ ಇಳಿತದಲ್ಲಿ ಕುದುರೆಯ ಕಾಲನ್ನೇ ಮಡಚಿಸುತ್ತದೆ. ಕುದುರೆ ಗಾಡಿಯನ್ನು ಎಳೆಯುತ್ತಿರುವಾಗ ಪಟ್ಟಿಗೂ ತೊಡೆಗೂ ನಡುವೆ ಅಂಗೈ ತೂರುವಷ್ಟು ಸಡಿಲ ಬೇಕು.

ಇನ್ನು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಚರ್ಮದ ಚಪ್ಪಲಿಯೇ ಒಂದು ವಾರ ಮೂಲೆಯಲ್ಲಿದ್ದರೆ ಬೂಷ್ಟು ಹಿಡಿಯುತ್ತದೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಕುದುರೆಯ ಮೈಗೆ ಎಲ್ಲಕ್ಕಿಂತ ಹಿತ. ಬೆವರು ಹೀರುತ್ತದೆ, ದಿನಕಳೆದಂತೆ ಮೈಯ ಆಕಾರಕ್ಕೆ ಬಾಗುತ್ತದೆ, ಅಪಘಾತದಲ್ಲಿ ಪಟ್ಟಿ ಕಿತ್ತುಹೋಗಿ ಪ್ರಾಣಿಯನ್ನು ಬಿಡಿಸುವುದೂ ಉಂಟು. ಆದರೆ ನೆನೆದು ಒಣಗಿ, ಮತ್ತೆ ನೆನೆದು ಒಣಗುವ ಚರ್ಮ ಬಿರುಕು ಬಿಡುತ್ತದೆ. ಅದಕ್ಕೂ ಮೊದಲು ಕೈಕೊಡುವುದು ಒಳಗಿನ ಹೊಲಿಗೆಯ ನೂಲು, ಹೊರಗೆ ಕಾಣದಂತೆ ಅದು ಕೊಳೆಯುತ್ತದೆ. ಹಳೆಯ ಸಜ್ಜು ನೋಡುವಾಗ ಪಟ್ಟಿಯನ್ನು ಬಕ್ಕಲ್ ಮಡಿಕೆಯ ಬಳಿ ಹಿಂದಕ್ಕೆ ಬಗ್ಗಿಸಬೇಕು. ಒಳಪದರದ ಮೇಲೆ ಕೂದಲೆಳೆಯಂಥ ಗೆರೆಗಳು ತೆರೆದುಕೊಂಡರೆ ಆ ಪಟ್ಟಿಯ ಆಯುಷ್ಯ ಮುಗಿದಿದೆ. ನೈಲಾನು ಮಳೆಗೆ ಜಗ್ಗುವುದಿಲ್ಲ. ಆದರೆ ಅದರ ನೇಯ್ದ ಅಂಚು ಬೆವತ ಚರ್ಮವನ್ನು ಗರಗಸದಂತೆ ಉಜ್ಜುತ್ತದೆ, ಗಾಬರಿಯಾದ ಕುದುರೆ ಸಿಕ್ಕಿಕೊಂಡರೆ ಹರಿಯುವುದೂ ಇಲ್ಲ. ಪಾಲಿಯೆಸ್ಟರ್ ಪಟ್ಟಿಗೆ ಪ್ಲಾಸ್ಟಿಕ್ ಲೇಪ ಕೊಟ್ಟ ಬಗೆ ನೀರಲ್ಲಿ ತೊಳೆದು ಒರೆಸಿದರೆ ಮುಗಿಯಿತು, ಬೂಷ್ಟು ಹಿಡಿಯುವುದಿಲ್ಲ, ಅಂಚೂ ನಯ. ನಮ್ಮ ಕಡೆಯ ಹವೆಗೆ ನನ್ನ ಆಯ್ಕೆ ಇದು. ಮೈಗೆ ತಾಗುವ ಎದೆಪಟ್ಟಿ, ಜೀನು, ಹಿಂಪಟ್ಟಿಗಳ ಒಳಮೈಗೆ ಕಳಚಿ ಒಗೆಯಬಹುದಾದ ಮೆತ್ತೆ ಇರಲಿ. ಬಕ್ಕಲ್ಲುಗಳು ಸ್ಟೇನ್‌ಲೆಸ್ ಸ್ಟೀಲಿನವೋ ಗಟ್ಟಿ ಹಿತ್ತಾಳೆಯವೋ ಆಗಿರಬೇಕು. ಹೊಳಪಿನ ಲೇಪ ಕೊಟ್ಟ ಕಬ್ಬಿಣ ಕಡಲಗಾಳಿಗೆ ಒಂದು ಮಳೆಗಾಲವನ್ನೂ ತಾಳದು.

ದೇಶದೊಳಗೆ ಕುದುರೆಸಜ್ಜಿನ ದೊಡ್ಡ ನೆಲೆ ಕಾನ್ಪುರ. 19ನೆಯ ಶತಮಾನದಲ್ಲಿ ಸೇನೆಗಾಗಿ ಅಲ್ಲಿ ಶುರುವಾದ ಸಜ್ಜಿನ ಕಾರ್ಖಾನೆಯ ಸುತ್ತ ಬೆಳೆದ ಕಸುಬಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಲ್ಲಿಗೆ ಅಳತೆ ಕಳುಹಿಸುವಾಗ ಎತ್ತರ ಒಂದನ್ನೇ ಬರೆದರೆ ಪ್ರಯೋಜನವಿಲ್ಲ. ಮೊಣಕೈ ಹಿಂದೆ ಮೈಯ ಸುತ್ತಳತೆ, ಹೆಗಲೆಲುಬಿನಿಂದ ಹೆಗಲೆಲುಬಿಗೆ ಎದೆಯ ಮುಂಭಾಗ, ಹೆಗಲೇಣಿನಿಂದ ಬಾಲದ ಬುಡ, ತೊಡೆಯ ಹಿಂಭಾಗದ ಸುತ್ತು, ಒಂದು ಬಾಯಂಚಿನಿಂದ ತಲೆಯ ಮೇಲೆ ಹಾಯ್ದು ಇನ್ನೊಂದು ಬಾಯಂಚು, ಇವು ಬೇಕು. ಕಡಿವಾಣವನ್ನು ಬೇರೆಯಾಗಿಯೇ ನೋಡಬೇಕು. ಈ ತಳಿಯ ಬಾಯಿ ಕಿರಿದು, ನಾಲಿಗೆ ದಪ್ಪ. ಸುಮಾರು 9 ಸೆಂಟಿಮೀಟರ್ ಅಗಲದ್ದು ಹಲವಕ್ಕೆ ಸರಿಹೋಗುತ್ತದೆ, ಆದರೆ ದೊಡ್ಡ ಕುದುರೆಯ ದಪ್ಪ ಕಡಿವಾಣವನ್ನೇ ಕಿರಿದು ಮಾಡಿದ್ದಾದರೆ ಬಾಯಿ ಮುಚ್ಚಲೂ ಜಾಗ ಉಳಿಯದು. ಕಣ್ಣುಪಟ್ಟಿಗಳು ರೆಪ್ಪೆಗೆ ತಾಗದಂತೆ ಹೊರಕ್ಕೆ ಬಾಗಿರಬೇಕು.

ಹೊಸ ಸಜ್ಜು ಬಂದ ಮೇಲೆ ಮೊದಲ ಕೆಲವು ಓಟಗಳನ್ನು ಖಾಲಿ ಗಾಡಿಯಲ್ಲಿ, ಸಮತಟ್ಟಿನಲ್ಲಿ ಇಟ್ಟುಕೊಂಡು, ಬಿಚ್ಚಿದ ಕೂಡಲೇ ಬೆವರಿನ ಗುರುತು ಓದಬೇಕು. ಜೀನಿನಡಿ ಬೆನ್ನುಮೂಳೆಯ ಎರಡೂ ಪಕ್ಕ ಒಂದೇ ಸಮನೆ ಒದ್ದೆಯಾಗಿದ್ದು, ನಡುವೆ ಒಣ ಗೆರೆ ಉಳಿದಿದ್ದರೆ ದಿಂಬು ಸರಿಯಾಗಿ ಕೂತಿದೆ. ಒದ್ದೆಯ ನಡುವೆ ನಾಣ್ಯದಗಲ ಒಣಗಿದ ಚುಕ್ಕೆ ಕಂಡರೆ ಅಲ್ಲಿ ಒತ್ತಡ ಹೆಚ್ಚಾಗಿ ರಕ್ತದ ಓಡಾಟ ತಗ್ಗಿದೆ ಎಂದು ಅರ್ಥ. ಬಿಳಿಯ ಕೂದಲು ಹುಟ್ಟುವುದು ಮುಂದೆ ಅಂಥ ಜಾಗದಲ್ಲೇ. ಎದೆಪಟ್ಟಿಯ ಕೆಳಅಂಚಿನುದ್ದಕ್ಕೂ ಕೂದಲು ಎದ್ದು ನಿಂತಿದ್ದರೆ ಕತ್ತಿನ ಪಟ್ಟಿಯನ್ನು ಒಂದು ತೂತು ಮೇಲೇರಿಸಿ ನೋಡಬೇಕು, ಆಗಲೂ ನಿಲ್ಲದಿದ್ದರೆ ಗಾಡಿಯ ಅಡ್ಡಪಟ್ಟಿಯ ಎತ್ತರ ಬದಲಿಸಬೇಕು. ಮಳೆಗಾಲ ಕಳೆದ ಮೇಲೆ ಮೈಯ ಸುತ್ತಳತೆಯನ್ನು ಮತ್ತೊಮ್ಮೆ ತೆಗೆದು, ಹೊಟ್ಟೆಪಟ್ಟಿ ಮತ್ತು ಹಿಂಪಟ್ಟಿಯ ತೂತುಗಳನ್ನು ಆ ಅಳತೆಗೆ ಸರಿಪಡಿಸಿಕೊಳ್ಳಬೇಕು.