ಕಛೇರಿಗೆ ಮುಂಚಿನ ವರ್ಷಗಳು



ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳುಹಿಸುವ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಇಂದು ಎಷ್ಟು ಹಾಡು ಹೇಳಿಕೊಟ್ಟರು?" ಅದರ ಬೆನ್ನಿಗೇ ಇನ್ನೊಂದು: "ವೇದಿಕೆ ಹತ್ತುವುದು ಯಾವಾಗ?" ನಮ್ಮ ಮೈಲೂರಿನಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ, ಸಂಜೆಯ ಕೆಲಸವನ್ನು ಬದಿಗಿಟ್ಟು ಮಗುವನ್ನು ಪಾಠಕ್ಕೆ ಕರೆದೊಯ್ಯುವ ತಂದೆತಾಯಿಗಳು ತಮ್ಮ ಶ್ರಮದ ಫಲವನ್ನು ಕಾಣಬಯಸುವುದು ಸಹಜವೇ. ಆದರೆ ಶಾಸ್ತ್ರೀಯ ಗಾಯನದ ಇತಿಹಾಸ ಈ ಪ್ರಶ್ನೆಗಳಿಗೆ ಕೊಡುವ ಉತ್ತರ ನಾವು ನಿರೀಕ್ಷಿಸುವಂಥದ್ದಲ್ಲ. ಅದನ್ನು ತಿಳಿಯಲು ನಮ್ಮ ನಾಡಿನದೇ ಒಬ್ಬ ಹೆಣ್ಣುಮಗಳ ಕಲಿಕೆಯ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ರಾಗಸಂಗೀತ ಬೀದರಿನವರಿಗೆ ಹೊರಗಿನದೇನಲ್ಲ. 1619ರಲ್ಲಿ ಬೀದರನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹ. ಅವನು ಅರಸನಾಗಿದ್ದಂತೆಯೇ ಸಂಗೀತಗಾರನೂ ಆಗಿದ್ದ. ದಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನವರಸ್' ರಾಗಗಳಿಗೆ ಹೊಂದಿಸಿದ ಗೀತೆಗಳ ಸಂಗ್ರಹ. ಮುಸಲ್ಮಾನ ದೊರೆ ಬರೆದ ಆ ಗ್ರಂಥದಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಕಲಬುರಗಿಯ ಗೇಸುದರಾಜರ ಸ್ಮರಣೆಯೂ ಇದೆ. ಮತಗಳ ನಡುವೆ ಗೋಡೆಗಳೆದ್ದ ಕಾಲದಲ್ಲಿಯೂ ಈ ನೆಲದಲ್ಲಿ ಸಂಗೀತಕ್ಕೆ ಬಾಗಿಲು ತೆರೆದೇ ಇತ್ತು.

ಗಾಯನದ ಶಿಸ್ತು ನಮ್ಮ ಧರ್ಮಸಭೆಗೂ ಹೊಸದಲ್ಲ. ಹಳೆಯ ಒಡಂಬಡಿಕೆಯಲ್ಲಿ ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದ 25ನೆಯ ಅಧ್ಯಾಯವನ್ನು ತೆರೆದು ನೋಡಿ. ದೇವಾಲಯದ ಸೇವೆಗೆಂದು ತರಬೇತಿ ಪಡೆದ ಗಾಯಕರ ಸಂಖ್ಯೆ 288 ಎಂದು ಅಲ್ಲಿ ದಾಖಲಾಗಿದೆ. ಸರದಿಗಾಗಿ ಚೀಟಿ ಹಾಕುವಾಗ ಹಿರಿಯ ಕಿರಿಯರೆಂದಾಗಲಿ, ಗುರು ಶಿಷ್ಯರೆಂದಾಗಲಿ ಭೇದ ಮಾಡಲಿಲ್ಲವೆಂಬ ಮಾತೂ ಅಲ್ಲಿಯೇ ಇದೆ. ಮುಂದೆ ಯುರೋಪಿನ ಮಠಗಳಲ್ಲಿ ಗಾಯಕರು ಗುರುವಿನ ಬಾಯಿಂದ ಕೇಳಿ ಕೇಳಿಯೇ ಕಲಿಯುತ್ತಿದ್ದರು. ಅದಕ್ಕೆ ಹತ್ತು ವರ್ಷಗಳೂ ಸಾಲುತ್ತಿರಲಿಲ್ಲ. 11ನೆಯ ಶತಮಾನದಲ್ಲಿ ಇಟಲಿಯ ಸನ್ಯಾಸಿ, ಅರೆಝೋ ಪಟ್ಟಣದ ಗ್ವಿಡೋ, ಗೆರೆಗಳ ಮೇಲೆ ಸ್ವರಗಳನ್ನು ಗುರುತಿಸಿ ಬರೆಯುವ ಕ್ರಮವನ್ನು ರೂಪಿಸಿ, ಈ ಕಲಿಕೆಯನ್ನು ಒಂದೆರಡು ವರ್ಷಗಳಿಗೆ ಇಳಿಸಬಹುದೆಂದು ತೋರಿಸಿಕೊಟ್ಟನು. ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದರ ಸಾಲುಗಳ ಮೊದಲಕ್ಷರಗಳಿಂದ ಅವನು ಆರಿಸಿದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಹೆಸರುಗಳು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ಉಳಿದಿವೆ. ನಮ್ಮ ದೇಶದಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಘರಾನೆಗಳಲ್ಲಿ ಅಡಗಿದ್ದ ನೂರಾರು ಚೀಜುಗಳನ್ನು ಸ್ವರಲಿಪಿಯಲ್ಲಿ ಬರೆದು ಎಲ್ಲರ ಕೈಗೆಟುಕುವಂತೆ ಮಾಡಿದರು.

ಇವು ದೊಡ್ಡ ಉಪಕಾರಗಳು. ಆದರೂ ಮುಂದಿನ ಸ್ವರ ಯಾವುದೆಂದು ಹೇಳುವ ಲಿಪಿಗೆ ಆ ಸ್ವರವನ್ನು ಹೇಗೆ ಮುಟ್ಟಬೇಕು, ಎಷ್ಟು ಹೊತ್ತು ಅದರಲ್ಲಿ ನೆಲೆಸಬೇಕು ಎಂಬುದನ್ನು ಹೇಳಲಾಗದು. ಅದಕ್ಕೆ ಗುರುವಿನ ಎದುರು ಕೂರಲೇಬೇಕು. ಅಂಥದೊಂದು ಪಾಠವನ್ನು ಅರಸಿ ನಾವೀಗ ಬೀದರಿನಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಧಾರವಾಡ ಜಿಲ್ಲೆಗೆ ಹೋಗೋಣ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಹಾಡುವ ಮನೆತನದ ಹೆಣ್ಣುಮಕ್ಕಳ ಸಂಗೀತವನ್ನು ಸವಿದು, ಅವರನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುತ್ತಿದ್ದ ಕಾಲ ಅದು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಲು ಆಯ್ಕೆಯಾದ ಬಾಲಕಿಯರಲ್ಲಿ ಗಂಗೂಬಾಯಿಯೂ ಒಬ್ಬಳು. ಹನ್ನೊಂದು ವರ್ಷದ ಆ ಹುಡುಗಿಗೆ ಹಾಡಿನ ಚಿಂತೆಗಿಂತ ಬೇರೊಂದು ಚಿಂತೆ ಕಾಡುತ್ತಿತ್ತು: ಊಟವಾದ ಮೇಲೆ ಎಂಜಲೆಲೆ ತೆಗೆಯಲು ತನಗೆ ಹೇಳಿಬಿಟ್ಟರೆ? ಜಾತಿಯ ಕಾರಣಕ್ಕೆ ಹುಟ್ಟಿದ ಆ ಅಂಜಿಕೆಯನ್ನು ಅವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ.

ಮಗಳ ಒಲವು ಹಿಂದುಸ್ತಾನಿ ಗಾಯನದತ್ತ ವಾಲಿದ್ದನ್ನು ಅಂಬಾಬಾಯಿ ಕಂಡುಕೊಂಡರು. 1928ರಲ್ಲಿ ಅವರ ಕುಟುಂಬ ಹುಬ್ಬಳ್ಳಿಗೆ ಬಂದು ನೆಲೆಸಿತು. ತಮ್ಮ ಕರ್ನಾಟಕ ಶೈಲಿಯ ನೆರಳು ಮಗಳ ಹೊಸ ಕಲಿಕೆಯ ಮೇಲೆ ಬೀಳಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಓದುಗರೇ, ಇಲ್ಲಿ ಒಂದು ಗಳಿಗೆ ನಿಲ್ಲಿರಿ. ಜೀವಮಾನವೆಲ್ಲ ಸಾಧಿಸಿದ ವಿದ್ಯೆಯನ್ನು ಒಬ್ಬ ಕಲಾವಿದೆ ಮಗಳಿಗಾಗಿ ಮೌನಕ್ಕೆ ಒಪ್ಪಿಸಿದರು. 1932ರಲ್ಲಿ ಅವರು ತೀರಿಕೊಂಡಾಗ ಮಗಳಿಗೆ ಹತ್ತೊಂಬತ್ತು ವರ್ಷ. ಮಗಳ ಕೀರ್ತಿಯನ್ನು ಕಾಣುವ ಭಾಗ್ಯ ತಾಯಿಗೆ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಕೃಷ್ಣಾಚಾರ್ಯ ಹುಲಗೂರರಲ್ಲಿ ಗಂಗೂಬಾಯಿ ಸುಮಾರು ಒಂದು ವರ್ಷದಲ್ಲಿ ಅರವತ್ತು ಚೀಜುಗಳನ್ನು ಕಲಿತರು. ಬಳಿಕ ದತ್ತೋಪಂತ ದೇಸಾಯಿಯವರಲ್ಲಿಯೂ ಪಾಠವಾಯಿತು. 1930ರ ದಶಕದಲ್ಲಿ ಮುಂಬಯಿಯಲ್ಲಿ ಹಾಡಿದ್ದೂ ಆಯಿತು, ಗ್ರಾಮಫೋನ್ ಮುದ್ರಿಕೆಗಳು ಹೊರಬಂದದ್ದೂ ಆಯಿತು. ಎಷ್ಟು ಹಾಡು ಎಂದು ಲೆಕ್ಕ ಹಾಕುವವರಿಗೆ ಇಷ್ಟು ಸಾಕಾಗಿತ್ತು. ಆದರೆ ಗಂಗೂಬಾಯಿಗೆ ಸಾಕಾಗಲಿಲ್ಲ. 1937ರ ಸುಮಾರಿಗೆ, ಮಕ್ಕಳ ತಾಯಿಯಾಗಿ ಸಂಸಾರದ ಭಾರ ಹೊತ್ತಿದ್ದ ಆ ಗಾಯಕಿ ಮತ್ತೆ ವಿದ್ಯಾರ್ಥಿನಿಯಾಗಿ ಕುಂದಗೋಳದ ರೈಲು ಹತ್ತಿದರು.

ಕುಂದಗೋಳ ಹುಬ್ಬಳ್ಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಊರು. ಅಲ್ಲಿದ್ದವರು ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ್ (1886–1952). ಅವರ ಗುರು ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಉತ್ತರ ಪ್ರದೇಶದ ಕೈರಾನಾದಿಂದ ಬಂದ ಮುಸಲ್ಮಾನ ಉಸ್ತಾದರ ವಿದ್ಯೆ ಕನ್ನಡದ ಹಳ್ಳಿಯೊಂದರ ಬ್ರಾಹ್ಮಣ ಶಿಷ್ಯನಿಗೆ ಒಲಿಯಿತು. ಆ ಶಿಷ್ಯನಿಂದ, ಎಂಜಲೆಲೆಗೆ ಅಂಜಿದ್ದ ಹುಡುಗಿಗೆ ದಾಟಿತು. ರಾಮಭಾವುಗಳ ಕಂಠ ಹುಟ್ಟಿನಿಂದ ನಯವಾದುದೇನಲ್ಲ. ಕಠಿಣ ಸಾಧನೆಯಿಂದ ಪಳಗಿದ ಕಂಠ ಅದು. ಆದ್ದರಿಂದಲೇ ಶಿಷ್ಯರಿಗೆ ಕಲಿಸುವಾಗ ಅವಸರವೆಂಬುದು ಅವರಲ್ಲಿ ಇರಲಿಲ್ಲ.

ಅದೇ ಮನೆಯಲ್ಲಿ 1936ರಿಂದ ಗದುಗಿನ ಹುಡುಗನೊಬ್ಬ ನೀರು ಹೊತ್ತು, ಗುರುಸೇವೆ ಮಾಡಿಕೊಂಡು ಕಲಿಯುತ್ತಿದ್ದ. ಅವನೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ. ಅಷ್ಟು ವರ್ಷಗಳಲ್ಲಿ ಅವನು ಅಲ್ಲಿ ಮುಖ್ಯವಾಗಿ ಕಲಿತದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗಗಳನ್ನು. ತೋಡಿ ಬೆಳಗಿನದು, ಮುಲ್ತಾನಿ ಇಳಿಹೊತ್ತಿನದು, ಪೂರಿಯಾ ಸೂರ್ಯ ಮುಳುಗುವ ವೇಳೆಯದು. ಸಂಜೆ ಪಾಠ ಮುಗಿದ ಮೇಲೆ ಗಂಗೂಬಾಯಿಯನ್ನು ನಿಲ್ದಾಣದವರೆಗೆ ಬಿಟ್ಟುಬರಲು ಹೋಗುತ್ತಿದ್ದ ಭೀಮಸೇನರು, ಇಂದು ಗುರುಗಳು ಏನು ಹೇಳಿಕೊಟ್ಟರೆಂದು ದಾರಿಯುದ್ದಕ್ಕೂ ಕೇಳಿ ತಿಳಿಯುತ್ತಿದ್ದರು. ಗುರುವಿನ ಮನೆಯಿಂದ ನಿಲ್ದಾಣದವರೆಗಿನ ದಾರಿಯೂ ಹೀಗೆ ಪಾಠಶಾಲೆಯಾಯಿತು. ಹಾದಿಬೀದಿಯಲ್ಲಿ "ಗಾನೇವಾಲಿ" ಎಂದು ಹಂಗಿಸುವವರಿದ್ದರು. ಗಂಗೂಬಾಯಿ ಅದನ್ನು ಕೇಳಿಸಿಕೊಂಡೇ ನಡೆದರು.

ಜಿಪುಣ ಹಣ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕೆಂಬುದು ಗುರುಗಳು ಕಲಿಸಿದ ಪಾಠವೆಂದು ಗಂಗೂಬಾಯಿ ನೆನೆಯುತ್ತಿದ್ದರು. ಈ ಮಾತಿನ ಆಳ ತಿಳಿಯಬೇಕಾದರೆ ಕಛೇರಿಯ ಸಿದ್ಧತೆ ಹೇಗೆಂದು ಅರಿಯಬೇಕು. ಮೊದಲು ಗಾಯಕರು ತಮ್ಮ ಷಡ್ಜವನ್ನು ನಿಶ್ಚಯಿಸಿಕೊಳ್ಳಬೇಕು. ಹಿಂದುಸ್ತಾನಿ ಪದ್ಧತಿಯಲ್ಲಿ ಅದು ಹೆಂಗಸರಿಗೆ ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಕಪ್ಪು ನಾಲ್ಕು ಅಥವಾ ಕಪ್ಪು ಐದು. ತಂಬೂರಿಯ ನಾಲ್ಕು ತಂತಿಗಳನ್ನು ಪಂಚಮಕ್ಕೂ ಷಡ್ಜಗಳಿಗೂ ಕೂಡಿಸಬೇಕು. ಪೂರಿಯಾದಂತೆ ಪಂಚಮವೇ ಇಲ್ಲದ ರಾಗವಾದರೆ ಮೊದಲ ತಂತಿಯನ್ನು ನಿಷಾದಕ್ಕೆ ಏರಿಸಬೇಕು. ಬೆಳಗಿನ ಜಾವದಲ್ಲಿ ಮಂದ್ರದ ಸ್ವರಗಳಲ್ಲಿ ಉಸಿರು ಮುಗಿಯುವವರೆಗೆ ನಿಲ್ಲುವ ಖರಜ ಸಾಧನೆಯಿಂದ ಕಂಠಕ್ಕೆ ಬುನಾದಿ ಬೀಳುತ್ತದೆ. ವಿಲಂಬಿತ ಖ್ಯಾಲದಲ್ಲಿ ಏಕತಾಳದ ಹನ್ನೆರಡು ಮಾತ್ರೆಗಳು ಬಹು ನಿಧಾನವಾಗಿ ಸಾಗುತ್ತವೆ. ಒಂದೊಂದೇ ಸ್ವರವನ್ನು ಸೇರಿಸುತ್ತ, ಮುಂದಿನದಕ್ಕೆ ಅವಸರಪಡದೆ ರಾಗವನ್ನು ಬೆಳೆಸುತ್ತ, ಪ್ರತಿ ಆವರ್ತನದಲ್ಲಿಯೂ ತಪ್ಪದೆ ಸಮಕ್ಕೆ ಬಂದು ಮುಟ್ಟಬೇಕು. ಮೇಲಿನ ಷಡ್ಜವನ್ನು ಮೊದಲ ನಿಮಿಷದಲ್ಲಿಯೇ ಖರ್ಚು ಮಾಡಿದವನಿಗೆ ಉಳಿದ ಹೊತ್ತಿಗೆ ಏನೂ ಉಳಿಯದು. ಅರವತ್ತು ಚೀಜುಗಳು ಒಂದು ವರ್ಷದಲ್ಲಿ ಬಾಯಿಗೆ ಬರಬಹುದು. ಈ ತಾಳ್ಮೆ ಬರಲು ಎಷ್ಟು ವರ್ಷಗಳಾದರೂ ಬೇಕಾಗಬಹುದು.

ಆ ತಾಳ್ಮೆಯ ಬೆಲೆ ತಿಳಿದದ್ದು ಮುಂದೆ, ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯಿಂದ ಗಂಗೂಬಾಯಿಯವರ ತೆಳುವಾದ ದನಿಯೇ ಬದಲಾದಾಗ. ಮುಖ ಕಾಣದೆ ಕೇಳಿದವರು ಗಂಡಸಿನ ದನಿಯೆಂದು ಭಾವಿಸುವಷ್ಟು ಅದು ಗಡುಸಾಯಿತು. ದನಿಯ ಇಂಪನ್ನೇ ನೆಚ್ಚಿದ್ದವರಾಗಿದ್ದರೆ ಅಲ್ಲಿಗೆ ಹಾಡು ಮುಗಿಯುತ್ತಿತ್ತು. ಅವರು ನೆಚ್ಚಿದ್ದು ಸ್ವರದ ನೆಲೆಯನ್ನು. ಹೊಸ ದನಿಯಲ್ಲಿಯೂ ಹಳೆಯ ಪಾಠ ನಿಂತಿತು. ಆ ದನಿಯೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರ ಜುಲೈ 21ರಂದು ಅವರು ನಿಧನರಾದರು. ಐದನೆಯ ತರಗತಿಯಾಚೆಗೆ ಶಾಲೆ ಕಾಣದ ಅವರ ಹೆಸರನ್ನು ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಹೊತ್ತಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವವೂ ನಡೆದುಬಂದಿದೆ.

ಪ್ರಿಯರೇ, ನಮ್ಮ ಧರ್ಮಕೇಂದ್ರದ ಹಬ್ಬದಂದು ವೇದಿಕೆ ಏರುವ ಮಕ್ಕಳೆಲ್ಲ ಗಂಗೂಬಾಯಿಯಾಗಬೇಕಿಲ್ಲ. ಗಾನವೃಂದದಲ್ಲಿ ಅಳುಕದೆ ಒಂದು ಸ್ವರ ಹಿಡಿದು ನಿಲ್ಲಬಲ್ಲವರಾದರೆ ಅದೂ ದೊಡ್ಡ ಸಂಪಾದನೆಯೇ. ಪಾಠ ಮುಗಿಸಿ ಬಂದ ಮಗುವನ್ನು ಎಷ್ಟು ಹಾಡು ಕಲಿತೆಯೆಂದು ಕೇಳುವ ಬದಲು, ಷಡ್ಜದಲ್ಲಿ ಎಷ್ಟು ಹೊತ್ತು ನಿಂತೆಯೆಂದು ಕೇಳಿ ನೋಡಿ. ಮಗು ಒಂದೇ ಸ್ವರವನ್ನು ನೂರು ಸಲ ಹಾಡಿದರೆ ಬೇಸರಿಸದಿರಿ. ಅಂಬಾಬಾಯಿ ಮಗಳಿಗಾಗಿ ತಮ್ಮ ಸಂಗೀತವನ್ನೇ ತೊರೆದರು. ನಮ್ಮ ಮಕ್ಕಳು ನಮ್ಮಿಂದ ಕೇಳುವುದು ದಿನಕ್ಕೆ ಅರ್ಧ ಗಂಟೆ ಟಿ.ವಿ. ಆರಿಸಿದ ಮನೆಯನ್ನು, ಮತ್ತು ಅಲ್ಲಿ ಸುಮ್ಮನೆ ಕುಳಿತು ಕೇಳುವ ಒಂದು ಜೀವವನ್ನು.